ಟವರ್ ಮೂಕವಾದಾಗ ಮಾತನಾಡುವ ತಂತಿ

ಮೊಬೈಲ್ ಫೋನ್ ಎಂದರೆ ನಿಸ್ತಂತು ಸಾಧನ ಎಂದು ನಾವೆಲ್ಲ ನಂಬಿದ್ದೇವೆ. ಅದು ಅರ್ಧಸತ್ಯ. ನಮ್ಮ ಕೈಯಿಂದ ಸಮೀಪದ ಟವರಿನವರೆಗಿನ ಹಾದಿ ಮಾತ್ರ ನಿಸ್ತಂತು. ಅಲ್ಲಿಂದಾಚೆಗೆ ವಿದ್ಯುತ್ತು, ಡೀಸೆಲ್ ಜನರೇಟರ್, ರಸ್ತೆಬದಿಯಲ್ಲಿ ಹೂತಿಟ್ಟ ಆಪ್ಟಿಕಲ್ ಫೈಬರ್ ಎಲ್ಲವೂ ನೆಟ್ಟಗಿರಬೇಕು. ಗುಡ್ಡ ಜರಿದು ರಸ್ತೆ ಕೊಚ್ಚಿಹೋದರೆ ಫೈಬರ್ ಕೂಡ ಅದರ ಜೊತೆಯಲ್ಲೇ ಹೋಗುತ್ತದೆ. ಸಂಪರ್ಕ ಅತ್ಯಗತ್ಯವಾದ ಗಳಿಗೆಯಲ್ಲೇ ಸಂಪರ್ಕ ಇಲ್ಲವಾಗುವುದು ಈ ವ್ಯವಸ್ಥೆಯ ಹುಟ್ಟುಗುಣ.

ಹ್ಯಾಮ್ ಎಂದು ಕರೆಯುವ ಹವ್ಯಾಸಿ ರೇಡಿಯೊ ಇದಕ್ಕೆ ತದ್ವಿರುದ್ಧ. ಇಬ್ಬರ ನಡುವೆ ಕಂಪನಿಯಿಲ್ಲ, ಟವರಿಲ್ಲ, ಮಾಸಿಕ ಬಿಲ್ಲೂ ಇಲ್ಲ. ಎರಡು ಪೆಟ್ಟಿಗೆ, ಎರಡು ಬ್ಯಾಟರಿ, ಎರಡು ತುಂಡು ತಂತಿ ಇದ್ದರೆ ಸಾಕು. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ನೇತೃತ್ವದ ಹ್ಯಾಮ್ ತಂಡವೊಂದು ಪೋರ್ಟ್‌ಬ್ಲೇರ್‌ಗೆ ಹೋಗಿತ್ತು. ಅಂಡಮಾನಿನಿಂದ ಜಗತ್ತಿನ ಇತರ ಹವ್ಯಾಸಿಗಳೊಡನೆ ಮಾತನಾಡುವುದಷ್ಟೇ ಅವರ ಉದ್ದೇಶ. ಡಿಸೆಂಬರ್ 26ರ ಬೆಳಿಗ್ಗೆ ಸುನಾಮಿ ಅಪ್ಪಳಿಸಿತು. ಹವ್ಯಾಸಕ್ಕೆಂದು ಹೂಡಿದ್ದ ಕೇಂದ್ರ ದ್ವೀಪಗಳ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸುವ ಕೊಂಡಿಯಾಯಿತು. 2024ರ ಜುಲೈ 30ರಂದು ವಯನಾಡಿನಲ್ಲಿ ಭೂಕುಸಿತವಾದಾಗಲೂ ಕಲ್ಪೆಟ್ಟದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಹ್ಯಾಮ್ ಕೇಂದ್ರ ತೆರೆದುಕೊಂಡಿತು.

ಈ ಎರಡೂ ಪ್ರಸಂಗಗಳಲ್ಲಿ ಒಂದು ಪಾಠವಿದೆ. ಉಪಕರಣ ಮೊದಲೇ ಸಜ್ಜಾಗಿತ್ತು, ಬಳಸುವವರ ಕೈ ಪಳಗಿತ್ತು. ಪೆಟ್ಟಿಗೆಯಲ್ಲಿ ಕಟ್ಟಿಟ್ಟ ರೇಡಿಯೊ ಪ್ರವಾಹದ ದಿನ ಯಾರ ನೆರವಿಗೂ ಬಾರದು. ಹಾಗಾದರೆ ಮನೆಯಲ್ಲಿ, ಕಾರಿನಲ್ಲಿ ಇಂಥದೊಂದು ಕೇಂದ್ರವನ್ನು ಹೂಡುವುದು ಹೇಗೆ?

ಮೊದಲನೆಯದು ಪರವಾನಗಿ. ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ‘ವಿಯು’ ಅಕ್ಷರಗಳಿಂದ ಆರಂಭವಾಗುವ ಕರೆಸಂಕೇತ ಪಡೆಯಬೇಕು. ಅದಿಲ್ಲದೆ ಪ್ರಸಾರ ಮಾಡುವುದು ಅಪರಾಧ. ಪರೀಕ್ಷೆ ಕಬ್ಬಿಣದ ಕಡಲೆಯೇನಲ್ಲ; ಪ್ರೌಢಶಾಲೆಯ ಭೌತಶಾಸ್ತ್ರ ನೆನಪಿರುವವರು ಕೆಲವು ವಾರಗಳ ಓದಿನಿಂದ ದಾಟಬಹುದು. ವಾಹನದಿಂದ ಪ್ರಸಾರ ಮಾಡುವವರು ಅದಕ್ಕೆ ಸಂಬಂಧಿಸಿದ ನಿಯಮವನ್ನೂ ಓದಿಕೊಳ್ಳಬೇಕು. ಸಂಗೀತ ಹಾಕುವುದು, ವ್ಯಾಪಾರದ ಮಾತಾಡುವುದು ಇಲ್ಲಿ ನಿಷಿದ್ಧ.

ಮನೆಯ ಕೇಂದ್ರದ ಜೀವಾಳ ಆಂಟೆನಾ. ದುಬಾರಿ ರೇಡಿಯೊಗೆ ಕಳಪೆ ಆಂಟೆನಾ ಜೋಡಿಸುವುದಕ್ಕಿಂತ ಸಾಧಾರಣ ರೇಡಿಯೊಗೆ ಒಳ್ಳೆಯ ಆಂಟೆನಾ ಜೋಡಿಸುವುದು ಮೇಲು. ಅದಕ್ಕೆ ಸರಳ ಗಣಿತವೇ ಸಾಕು. 300ನ್ನು ಮೆಗಾಹರ್ಟ್ಸ್‌ನಲ್ಲಿರುವ ಆವರ್ತನದಿಂದ ಭಾಗಿಸಿದರೆ ತರಂಗದ ಉದ್ದ ಮೀಟರುಗಳಲ್ಲಿ ಸಿಗುತ್ತದೆ. 7.1 ಮೆಗಾಹರ್ಟ್ಸ್‌ಗೆ ಅದು ಸುಮಾರು 42 ಮೀಟರ್. ಅದರ ಅರ್ಧಕ್ಕಿಂತ ತುಸು ಕಡಿಮೆ, ಅಂದರೆ 20 ಮೀಟರ್ ತಾಮ್ರದ ತಂತಿಯನ್ನು ನಡುವೆ ಕತ್ತರಿಸಿ, ಎರಡು ಭಾಗಗಳಿಗೆ ಕೇಬಲ್ ಜೋಡಿಸಿದರೆ ಡೈಪೋಲ್ ಸಿದ್ಧ. ತಾರಸಿಯ ಮೇಲಿನ ಒಂದು ಕಂಬದಿಂದ ತಂತಿಯ ಎರಡು ತುದಿಗಳನ್ನು ಇಳಿಬಿಟ್ಟು ಕಟ್ಟಿದರೂ ನಡೆಯುತ್ತದೆ. ವಿದ್ಯುತ್ ತಂತಿಗಳಿಂದ ಮಾತ್ರ ಅದು ದೂರವಿರಬೇಕು. ಕಡಿದು ಬಿದ್ದರೂ ತಾಗದಷ್ಟು ದೂರ.

ಈ ತಂತಿ ಬಹಳ ಎತ್ತರದಲ್ಲಿ ಇರಲೇಬೇಕೆಂದಿಲ್ಲ ಎಂಬುದು ನಮ್ಮ ಮಲೆನಾಡಿಗೆ ವರದಾನ. ಆರೇಳು ಮೀಟರ್ ಎತ್ತರದ ಡೈಪೋಲ್ ತನ್ನ ಶಕ್ತಿಯ ಬಹುಪಾಲನ್ನು ನೆತ್ತಿಯ ಮೇಲಕ್ಕೇ ಕಳಿಸುತ್ತದೆ. ಅಯಾನುಗೋಳ ಅದನ್ನು ಕೊಡೆಯಂತೆ ತಡೆದು, ಸುತ್ತಲಿನ ಕೆಲವು ನೂರು ಕಿಲೋಮೀಟರ್ ಪ್ರದೇಶಕ್ಕೆ ಮರಳಿ ಸುರಿಯುತ್ತದೆ. ಮೇಲಿನಿಂದ ಬರುವ ಅಲೆಗೆ ಬೆಟ್ಟ ಅಡ್ಡಿಯಲ್ಲ. ಕೊಡಗಿನ ಕಣಿವೆಯಿಂದ ಬೆಂಗಳೂರಿನೊಡನೆ ಹಗಲು ಹೊತ್ತು ಮಾತನಾಡಲು ಇದು ತಕ್ಕ ಉಪಾಯ.

ವಿದ್ಯುತ್ತಿಗೆ ನಮ್ಮ ಮನೆಗಳಲ್ಲಿ ಈಗಾಗಲೇ ಒಂದು ಸೌಕರ್ಯವಿದೆ: ಇನ್ವರ್ಟರ್ ಬ್ಯಾಟರಿ. 100 ವಾಟ್ ಶಕ್ತಿಯ ರೇಡಿಯೊ ಕೇಳುವಾಗ ಸುಮಾರು 1 ಆಂಪಿಯರ್, ಮಾತನಾಡುವಾಗ ಸುಮಾರು 20 ಆಂಪಿಯರ್ ಬಳಸುತ್ತದೆ. 12 ವೋಲ್ಟ್, 150 ಆಂಪಿಯರ್-ಗಂಟೆಯ ಬ್ಯಾಟರಿಯೊಂದಿದ್ದರೆ, ಮಿತವಾಗಿ ಮಾತನಾಡುತ್ತ ಎರಡು ಮೂರು ದಿನ ಕಳೆಯಬಹುದು. ದಪ್ಪ ತಂತಿ, ಬ್ಯಾಟರಿಯ ಬಳಿಯಲ್ಲೇ ಫ್ಯೂಸ್ ಕಡ್ಡಾಯ. ಕೇಬಲ್ ಮನೆಯೊಳಗೆ ಬರುವ ಜಾಗದಲ್ಲಿ ಸಿಡಿಲುರಕ್ಷಕ ಹಾಗೂ ಸರಿಯಾದ ಅರ್ಥಿಂಗ್ ಇರಬೇಕು. ಏಪ್ರಿಲ್-ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಮೋಡ ಕಟ್ಟುತ್ತಿದ್ದಂತೆಯೇ ಕೇಬಲ್ಲನ್ನು ಕಳಚಿ ಹೊರಗಿಡುವುದು ಇನ್ನೂ ಕ್ಷೇಮ.

ನಗರವಾಸಿಗೆ ಎದುರಾಗುವ ಇನ್ನೊಂದು ಶತ್ರು ಗದ್ದಲ. ಅಗ್ಗದ ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಸೌರ ಇನ್ವರ್ಟರ್ ಇವೆಲ್ಲ ರೇಡಿಯೊ ಕಿವಿಗೆ ಕೇಳುವ ಗೊಣಗಾಟವನ್ನು ಸದಾ ಹೊರಸೂಸುತ್ತವೆ. ರೇಡಿಯೊವನ್ನು ಬ್ಯಾಟರಿಯ ಮೇಲೆ ನಡೆಸುತ್ತ, ಮನೆಯ ಸರ್ಕ್ಯೂಟುಗಳನ್ನು ಒಂದೊಂದಾಗಿ ಆರಿಸುತ್ತ ಬಂದರೆ ಕಳ್ಳ ಯಾರೆಂದು ಪತ್ತೆಯಾಗುತ್ತದೆ.

ಕಾರಿನ ಕತೆ ಬೇರೆ. ಅಲ್ಲಿ ಸಾಮಾನ್ಯವಾಗಿ 144ರಿಂದ 146 ಮೆಗಾಹರ್ಟ್ಸ್ ಪಟ್ಟಿಯ ಬಳಕೆ. ಈ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ಬೆಟ್ಟ, ಕಟ್ಟಡ ಅಡ್ಡ ಬಂದರೆ ಸೋಲುತ್ತವೆ. ಎತ್ತರದ ಜಾಗದಲ್ಲಿರುವ ರಿಪೀಟರ್ ಮಾತನ್ನು ಹಿಡಿದು ಮರುಪ್ರಸಾರ ಮಾಡಿದಾಗ ವ್ಯಾಪ್ತಿ ಹಿಗ್ಗುತ್ತದೆ. ಕಾಲು ತರಂಗದ ಆಂಟೆನಾ ಇಲ್ಲಿ ಅರ್ಧ ಮೀಟರ್ ಮಾತ್ರ. ಕಾರಿನ ಉಕ್ಕಿನ ಮೈಯೇ ಅದರ ಉಳಿದರ್ಧವಾಗಿ ವರ್ತಿಸುವುದರಿಂದ ಚಾವಣಿಯ ನಟ್ಟನಡುವೆ ನಿಲ್ಲಿಸುವುದು ಉತ್ತಮ. ಮೈಗೆ ತೂತು ಕೊರೆಯಲು ಮನಸ್ಸೊಪ್ಪದವರಿಗೆ ಅಯಸ್ಕಾಂತದ ಪೀಠವಿದೆ.

50 ವಾಟ್ ರೇಡಿಯೊ ಮಾತನಾಡುವಾಗ ಹತ್ತು ಹನ್ನೆರಡು ಆಂಪಿಯರ್ ಎಳೆಯುವುದರಿಂದ ಸಿಗರೇಟ್ ಲೈಟರ್ ಸಾಕೆಟ್ಟನ್ನು ನಂಬುವಂತಿಲ್ಲ. ಬ್ಯಾಟರಿಯಿಂದಲೇ ದಪ್ಪ ತಂತಿ ಎಳೆದು, ಧನ-ಋಣ ಎರಡೂ ತಂತಿಗಳಿಗೆ ಬ್ಯಾಟರಿಯ ಸಮೀಪದಲ್ಲೇ ಫ್ಯೂಸ್ ಹಾಕಬೇಕು. ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗದಲ್ಲಿ ಪೆಟ್ಟಿಗೆಯನ್ನಾಗಲೀ ತಂತಿಯನ್ನಾಗಲೀ ಇಡಬಾರದು. ಕೇಬಲ್ ಕೂಡ ಚಿಕ್ಕದಿದ್ದಷ್ಟೂ ಒಳ್ಳೆಯದು. ತೆಳ್ಳಗಿನ ಆರ್‌ಜಿ-58 ಕೇಬಲ್ ಕಾರಿನ ನಾಲ್ಕೈದು ಮೀಟರ್‌ಗೆ ಸರಿ; ಮನೆಯಲ್ಲಿ ಅದೇ ಪಟ್ಟಿಗೆ 20 ಮೀಟರ್ ಬಳಸಿದರೆ ಅರ್ಧಕ್ಕಿಂತ ಹೆಚ್ಚು ಶಕ್ತಿ ದಾರಿಯಲ್ಲೇ ಬಿಸಿಯಾಗಿ ಕರಗುತ್ತದೆ. ಇನ್ನು, ವಾಹನ ಚಲಾಯಿಸುತ್ತ ಸಂವಹನ ಸಾಧನವನ್ನು ಕೈಯಲ್ಲಿ ಹಿಡಿಯುವುದನ್ನು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಅಪಾಯಕಾರಿ ಚಾಲನೆ ಎಂದೇ ಪರಿಗಣಿಸುತ್ತದೆ. ಚಾಲಕ ಕೇಳುತ್ತಿರಲಿ; ಮಾತನಾಡಬೇಕೆಂದರೆ ಬದಿಗೆ ನಿಲ್ಲಿಸಲಿ.

ಇಷ್ಟೆಲ್ಲ ಅರಿತವನಿಗೂ ದಾಟಲು ಕಷ್ಟವಾದ ಅಡ್ಡಿಯೊಂದಿದೆ, ಅದು ತಾಂತ್ರಿಕವಲ್ಲ. ನಗರದ ಮಧ್ಯಮ ವರ್ಗ ಅಪಾರ್ಟ್‌ಮೆಂಟಿಗೆ ಏರಿದಂತೆ ತಾರಸಿ ಎಲ್ಲರದ್ದೂ ಆಯಿತು, ಹಾಗಾಗಿ ಯಾರದ್ದೂ ಅಲ್ಲವಾಯಿತು. ಡಿಶ್ ಆಂಟೆನಾಗಳ ಸಾಲನ್ನು ಒಪ್ಪುವ ನಿವಾಸಿಗಳ ಸಂಘಗಳು, ಕಣ್ಣಿಗೆ ಕಾಣದಷ್ಟು ತೆಳುವಾದ ತಂತಿಯೊಂದಕ್ಕೆ ಹಿಂಜರಿಯುತ್ತವೆ. ವಿಕಿರಣದ ಭಯ, ಅಂದಗೆಡುವ ಆಕ್ಷೇಪ, ‘ಇಂದು ಇವರಿಗೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ’ ಎಂಬ ತರ್ಕ ಎದುರಾಗುತ್ತವೆ. ಜನರಿಂದ ತಕ್ಕ ದೂರದಲ್ಲಿ ಆಂಟೆನಾ ಇರಬೇಕೆಂಬ ಶರತ್ತು ವಿಧಿಸುವುದು ನ್ಯಾಯ. ಸಾರಾಸಗಟು ನಿರಾಕರಣೆ ವಿವೇಕವಲ್ಲ. ಲಿಫ್ಟ್ ನಿಂತು ಫೋನುಗಳೆಲ್ಲ ಮೌನವಾದ ದಿನ ಇಡೀ ಕಟ್ಟಡಕ್ಕೆ ಹೊರಜಗತ್ತಿನ ದಾರಿಯಾಗಬಲ್ಲದ್ದು ಅದೇ ತಂತಿ.

ಸರ್ಕಾರದ ಪಾಲಿನ ಕೆಲಸವೂ ಇದೆ. ಬೆಂಗಳೂರಿನಲ್ಲಿ ಈ ಹವ್ಯಾಸಕ್ಕೆ ಗಟ್ಟಿ ಪರಂಪರೆಯಿದೆ. 2005ರ ಮೇ 5ರಂದು ಇಸ್ರೊ ಹಾರಿಬಿಟ್ಟ ಸುಮಾರು 42 ಕಿಲೋ ತೂಕದ ‘ಹ್ಯಾಮ್‌ಸ್ಯಾಟ್’ ಉಪಗ್ರಹ, ಜಗತ್ತಿನ ಹವ್ಯಾಸಿಗಳಿಗೆ 2014ರವರೆಗೆ ಸೇವೆ ಸಲ್ಲಿಸಿತು. ಅಂತರಿಕ್ಷಕ್ಕೇ ನೆರವು ಕಳಿಸಿದ ನಾಡಿನಲ್ಲಿ, ತಮ್ಮ ವ್ಯಾಪ್ತಿಯಲ್ಲಿ ಎಷ್ಟು ಮಂದಿ ಹ್ಯಾಮ್‌ಗಳಿದ್ದಾರೆ, ಅವರಲ್ಲಿ ಯಾರ ಕಾರು ಸಜ್ಜಾಗಿದೆ, ಯಾವ ಮನೆ ಬ್ಯಾಟರಿಯ ಮೇಲೆ ಮಾತನಾಡಬಲ್ಲದು ಎಂಬ ಪಟ್ಟಿ ಪ್ರತಿ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಮೇಜಿನ ಮೇಲಿರಬೇಡವೇ? ಮುಂಗಾರಿಗೆ ಮುಂಚೆ ಒಂದು ಭಾನುವಾರ ತಾಲ್ಲೂಕು ಕಚೇರಿಗಳ ನಡುವೆ ಅಣಕು ಸಂಪರ್ಕ ನಡೆಸಲು ದೊಡ್ಡ ಖರ್ಚೇನೂ ಆಗದು.

ಹ್ಯಾಮ್ ರೇಡಿಯೊ ಮೊಬೈಲಿಗೆ ಪರ್ಯಾಯವಲ್ಲ. ಲಕ್ಷಾಂತರ ಕರೆಗಳನ್ನು ಅದು ಹೊರಲಾರದು. ‘ಇಲ್ಲಿ ಇಷ್ಟು ಜನ ಸಿಲುಕಿದ್ದಾರೆ, ಔಷಧಿ ಬೇಕು, ರಸ್ತೆ ಇಂಥ ಕಡೆ ಕಡಿದಿದೆ’ ಎಂಬ ಮೂರು ಸಾಲನ್ನು ಮುಟ್ಟಿಸಬಲ್ಲದು. ವಿಪತ್ತಿನ ಮೊದಲ ದಿನ ಜೀವ ಉಳಿಯುವುದು ಆ ಮೂರು ಸಾಲುಗಳಿಂದಲೇ. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ಹಿರಿಯರು ಹಂಗಿಸಿದ್ದು ನಮ್ಮಂಥವರನ್ನೇ. ಆಕಾಶ ತಿಳಿಯಾಗಿರುವಾಗಲೇ ತಾರಸಿಗೆ ಆ 20 ಮೀಟರ್ ತಂತಿಯನ್ನು ಕಟ್ಟಿಬಿಡುವುದು ಒಳ್ಳೆಯದು.