ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ: ಕರುಳಿನಲ್ಲಿ ನಡೆಯುವುದೇನು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಜೋಳದ ರೊಟ್ಟಿಗೆ ಸೊಪ್ಪಿನ ಪಲ್ಯ ಜೊತೆಯಾಗಿರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಸೊಪ್ಪು ತಿನ್ನಬಹುದೇ?

ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡವರಿಗೆ ಕೊಡುವ ವಾರ್ಫರಿನ್ ಅನ್ನು ಕರುಳು ಬಹುತೇಕ ಪೂರ್ತಿಯಾಗಿ ಹೀರಿಕೊಳ್ಳುತ್ತದೆ. ಆದರೆ ಮೆಂತ್ಯೆ, ಪಾಲಕ್ ಮುಂತಾದ ಸೊಪ್ಪಿನಲ್ಲಿರುವ ವಿಟಮಿನ್ ಕೆ ಅದರ ಕೆಲಸಕ್ಕೆ ಎದುರಾಗುತ್ತದೆ. ಸೊಪ್ಪು ಬಿಡಬೇಕಿಲ್ಲ, ಪ್ರಮಾಣ ದಿನವೂ ಹೆಚ್ಚುಕಡಿಮೆ ಒಂದೇ ಇರಲಿ.

ಡ್ಯಾಬಿಗಾಟ್ರಾನ್ ಮಾತ್ರೆಯ ವಿಷಯ ಬೇರೆ. ಕರುಳಿನ ಗೋಡೆಯಲ್ಲಿರುವ ಪಿ-ಗ್ಲೈಕೊಪ್ರೋಟೀನ್ ಪಂಪಿನಂತೆ ಕೆಲಸ ಮಾಡಿ ಅದನ್ನು ಕರುಳಿಗೇ ಹಿಂದಕ್ಕೆ ತಳ್ಳುತ್ತದೆ. ಕ್ಷಯರೋಗದ ಔಷಧ ರಿಫಾಂಪಿಸಿನ್ ಇಂಥ ಪಂಪುಗಳನ್ನು ಹೆಚ್ಚಿಸುತ್ತದೆ. ಆಗ ರಕ್ತಕ್ಕೆ ಸೇರುವ ಡ್ಯಾಬಿಗಾಟ್ರಾನ್ ಕಡಿಮೆಯಾಗಿ ರಕ್ತ ಹೆಪ್ಪುಗಟ್ಟಬಹುದು. ರಕ್ತದೊತ್ತಡಕ್ಕೆ ಕೊಡುವ ವೆರಾಪಮಿಲ್ ಪಂಪನ್ನು ತಡೆಯುತ್ತದೆ. ಆಗ ರಕ್ತಸ್ರಾವದ ಅಪಾಯ ಹೆಚ್ಚು. ರಿಫಾಂಪಿಸಿನ್ ವಾರ್ಫರಿನ್‌ನ ಪರಿಣಾಮವನ್ನೂ ಕುಗ್ಗಿಸುತ್ತದೆ, ಆದರೆ ಯಕೃತ್ತಿನ ಮೂಲಕ.

ರಿವಾರೊಕ್ಸಾಬಾನ್ 15 ಮತ್ತು 20 ಮಿ.ಗ್ರಾಂ. ಮಾತ್ರೆಗಳನ್ನು ಊಟದ ಜೊತೆಯೇ ನುಂಗಬೇಕು. ಖಾಲಿ ಹೊಟ್ಟೆಯಲ್ಲಿ ಅವು ಸರಿಯಾಗಿ ಹೀರಿಕೆಯಾಗುವುದಿಲ್ಲ.

ನಾವು ಓದುಗರಲ್ಲಿ, ರೋಗಿಗಳ ಮನೆಗೆ ಹೋಗುವ ಕಾರ್ಯಕರ್ತರಲ್ಲಿ ವಿನಂತಿಸುವುದಿಷ್ಟೇ: ಕ್ಷಯದ ಔಷಧ ಆರಂಭಿಸುವಾಗಲೂ ಮುಗಿಸುವಾಗಲೂ, ಬೇರೆ ಯಾವುದೇ ಹೊಸ ಮಾತ್ರೆ ಬಂದಾಗಲೂ, ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನು ವೈದ್ಯರಿಗೆ ತೋರಿಸಿ. ಯಾವುದನ್ನೂ ತಾವಾಗಿಯೇ ನಿಲ್ಲಿಸಬೇಡಿ.