ಮಾಗಿಯ ಚಳಿಯಲ್ಲಿ ತತ್ವಪದ

ಅರಸೀಕೆರೆಯಿಂದ ಹಳೇಬೀಡು, ಅಲ್ಲಿಂದ 16 ಕಿಲೋಮೀಟರು ದೂರದ ಬೇಲೂರು. ಈ ದಾರಿಯ ಹಳ್ಳಿಗಳಲ್ಲಿ ಕಳೆದ ಮಾಗಿಯಲ್ಲಿ ತತ್ವಪದ ಹಾಡುವ ನಮ್ಮ ತಂದೆಯವರ ಸಂಗಡ ನಾನೂ ಸುತ್ತಿದೆನು. ಏಕತಾರಿ, ದಮ್ಮಡಿ, ತಾಳ ಇಷ್ಟೇ ನಮ್ಮ ಸಾಮಗ್ರಿ, ಮೈಕು ಇಲ್ಲ.

ಹಾಡುವ ಮುನ್ನ ದಮ್ಮಡಿಯನ್ನು ಬೆಂಕಿಗೆ ಹಿಡಿಯುವುದೇಕೆ? ಮಂಜಿನ ತೇವ ಹೀರಿದ ಚರ್ಮ ಸಡಿಲಗೊಂಡು ನಾದ ಇಳಿಯುತ್ತದೆ. ತಂತಿಯಾದರೋ ಚಳಿಗೆ ಕುಗ್ಗಿ ಬಿಗಿಯಾಗುತ್ತದೆ, ಶ್ರುತಿ ಏರುತ್ತದೆ. ಒಂದು ಇಳಿದು ಇನ್ನೊಂದು ಏರಿದರೆ ಮೇಳ ಕೂಡುವುದೆಂತು? ಆದುದರಿಂದ ಚರ್ಮವನ್ನು ಹದವಾಗಿ ಕಾಯಿಸಿ, ತಂತಿಯನ್ನು ತುಸು ಸಡಿಲಿಸಬೇಕು. ಬೆಂಕಿಗೆ ತೀರ ಸಮೀಪ ಹಿಡಿದರೆ ಚರ್ಮ ಬಿರಿಯುವುದು.

ಇನ್ನೊಂದು ಸಂಗತಿಯುಂಟು. ಗಾಳಿ ಬೀಸದ ಚಳಿಯ ರಾತ್ರಿಯಲ್ಲಿ ನೆಲದ ಬಳಿಯ ಗಾಳಿ ಮೇಲಿನದಕ್ಕಿಂತ ತಣ್ಣಗಿರುತ್ತದೆ. ಆಗ ಧ್ವನಿಯು ಮೇಲೇರಿ ಹೋಗದೆ ನೆಲದತ್ತ ಬಾಗುತ್ತದೆ. ಜಗಲಿಯ ಹಾಡು ದೂರದ ಕಣಕ್ಕೆ ಕೇಳಿಸುವುದು ಇದರಿಂದಲೇ.

ಒಂದೂರಿನಲ್ಲಿ ಕೇಳಲು ಬಂದವರು ಏಳೇ ಮಂದಿ. ಕಾಲೇಜಿನಲ್ಲಿ ಓದುವ ನನಗೆ ನಾಚಿಕೆಯಾಯಿತು. “ಅಪ್ಪಾ, ಸಾಕು, ಎದ್ದುಬಿಡಾನ” ಎಂದೆನು. “ಕಣದಲ್ಲಿ ರಾಗಿ ಕಾಯೋನಿಗೆ ಕೇಳ್ತದೆ, ನೀನು ಬಾರಿಸು ಮಗ” ಎಂದರು. ಬೆಳಗ್ಗೆ ಆ ಕಣದವನೇ ಬಂದು ನಮ್ಮ ಚೀಲಕ್ಕೆ ಒಂದು ಮೊರ ರಾಗಿ ಸುರಿದನು.

1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇಗುಲದಲ್ಲಿ ವಾದ್ಯ ಬಾರಿಸುವ ಮದನಿಕೆಯರಿದ್ದಾರೆ. ಅವರ ಕಲ್ಲಿನ ವಾದ್ಯಕ್ಕೆ ಬೆಂಕಿ ಬೇಡ. ನಮ್ಮ ದಮ್ಮಡಿಗೆ ದಿನವೂ ಬೇಕು. ಕಾಯಿಸುವ ಕೈಯೂ ಬೇಕು. ಪದವಿ ಪಡೆದ ಮೇಲೂ ಮಾಗಿ ಬಂದಾಗ ಆ ಕೈ ನನ್ನದಾಗಿರಬೇಕೆಂದು ನಿಶ್ಚಯಿಸಿದ್ದೇನೆ.