ಮೆರವಣಿಗೆ ಯಾರಿಗಾಗಿ?

ಒಂದು ಸರಳ ಪ್ರಶ್ನೆಯಿಂದ ಶುರು ಮಾಡ್ತೀನಿ. ಮೆರವಣಿಗೆ ಅಂದ್ರೆ ಏನು? ಆಟ ಇರೋ ಕಡೆ ಜನ ಹೋದರೆ ಅದು ನಾಟಕ, ಸಭೆ, ಕ್ರಿಕೆಟ್ ಮ್ಯಾಚ್. ಜನ ನಿಂತಿರೋ ಕಡೆಗೆ ಆಟವೇ ಬಂದರೆ ಅದು ಮೆರವಣಿಗೆ. ವ್ಯತ್ಯಾಸ ಇಷ್ಟೇ. ಆದರೆ ಇದನ್ನು ಮರೆತರೆ ಸಂಭ್ರಮ ಕೆಡುತ್ತೆ, ಒಮ್ಮೊಮ್ಮೆ ಜೀವವೂ ಹೋಗುತ್ತೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ಅನ್ನೋ ಥೀಮ್ ಪಾರ್ಕ್ ಇದೆ. 2025ಕ್ಕೆ ಅದಕ್ಕೆ 70 ವರ್ಷ ತುಂಬಿತು. ಆ ಸಂಭ್ರಮಕ್ಕೆ ಅವರು ರಾತ್ರಿ ಹೊತ್ತಿನ ದೀಪದ ಮೆರವಣಿಗೆಯನ್ನ ಮತ್ತೆ ಬೀದಿಗಿಳಿಸಿದರು. ಹತ್ತು ವರ್ಷದ ಹಿಂದೆ, 60ನೇ ವರ್ಷಕ್ಕೆ ಅಲ್ಲಿ ಶುರುವಾಗಿದ್ದ ಮೆರವಣಿಗೆ ಅದು. 15 ಲಕ್ಷಕ್ಕೂ ಹೆಚ್ಚು ಎಲ್‌ಇಡಿ ದೀಪಗಳು, ಸಾಲು ಸಾಲು ರಥಗಳು, ಕುಣಿಯೋ ಕಲಾವಿದರು. ಟಿವಿಯಲ್ಲಿ ನೋಡಿದವರು ‘ಅಬ್ಬಾ’ ಅಂದಿರ್ತೀರಿ. ನನಗೆ ಮುಖ್ಯ ಅನ್ನಿಸಿದ್ದು ದೀಪ ಅಲ್ಲ, ಅದರ ಹಿಂದಿನ ಲೆಕ್ಕಾಚಾರ.

ಮೊದಲನೇದು ಧ್ವನಿ. 1972ರಲ್ಲೇ ಅಲ್ಲಿ ಎಲೆಕ್ಟ್ರಿಕಲ್ ಪರೇಡ್ ಶುರುವಾಯಿತು. ಇಡೀ ದಾರಿಯನ್ನು ಭಾಗಗಳಾಗಿ ಮಾಡಿ, ಒಂದೊಂದು ಭಾಗಕ್ಕೂ ಬೇರೆ ಬೇರೆ ಸ್ಪೀಕರ್ ಇಟ್ಟರು. ಯಾವ ರಥ ನಿಮ್ಮ ಮುಂದೆ ಬರುತ್ತೋ ಅದರ ಹಾಡೇ ನಿಮ್ಮ ಕಿವಿಗೆ ಬೀಳಬೇಕು. ದಾರಿಯ ಈ ತುದಿಯಲ್ಲಿ ನಿಂತ ಮಗುವಿಗೂ ಆ ತುದಿಯಲ್ಲಿ ನಿಂತ ಅಜ್ಜಿಗೂ ಒಂದೇ ಆಟ, ಪೂರ್ತಿ ಆಟ.

ಎರಡನೇದು ಜನ. ಮೆರವಣಿಗೆ ಹೊರಟಾಗ ಸಾವಿರಾರು ಜನ ದಾರಿಯುದ್ದಕ್ಕೂ ಹರಡಿ ನಿಲ್ತಾರೆ. ಆಟಗಳ ಮುಂದಿನ ಕ್ಯೂ ಕರಗುತ್ತೆ. ದಾರಿ ಪಕ್ಕ ಹಗ್ಗ ಕಟ್ಟಿರ್ತಾರೆ, ರಸ್ತೆ ದಾಟೋಕೆ ಗೊತ್ತಾದ ಜಾಗ ಇರುತ್ತೆ. ಹೊರಡೋ ವೇಳೆ ಮೊದಲೇ ಪ್ರಕಟ. ಬಿಸಿಲು ವಿಪರೀತವಾದರೆ ಮೆರವಣಿಗೆಯನ್ನು ಮೊಟಕು ಮಾಡ್ತಾರೆ ಇಲ್ಲವೇ ನಿಲ್ಲಿಸ್ತಾರೆ. ಅಂದ್ರೆ ಅವರಿಗೆ ಮೆರವಣಿಗೆ ಬರೀ ಮನರಂಜನೆಯಲ್ಲ, ಜನಸಂದಣಿಯನ್ನು ಸಂಭಾಳಿಸೋ ಉಪಾಯವೂ ಹೌದು.

ಅವರೇನು ಹುಟ್ಟುತ್ತಲೇ ಕಲಿತವರಲ್ಲ. 1955ರ ಜುಲೈ 17, ಪಾರ್ಕಿನ ಮೊದಲ ದಿನ. ಕರೆದಿದ್ದಕ್ಕಿಂತ ಎಷ್ಟೋ ಹೆಚ್ಚು ಜನ, ಸುಮಾರು 28,000 ಮಂದಿ ನುಗ್ಗಿದರು. ನಕಲಿ ಟಿಕೆಟ್ ಹಿಡಿದು ಬಂದವರೂ ಇದ್ದರು. ಉರಿ ಬಿಸಿಲು, ಕುಡಿಯೋ ನೀರಿನ ನಲ್ಲಿಗಳು ಒಣಗಿದ್ದವು, ಹೊಸದಾಗಿ ಹಾಕಿದ ಡಾಂಬರಿನಲ್ಲಿ ಹೆಂಗಸರ ಚಪ್ಪಲಿಯ ಹಿಮ್ಮಡಿ ಹೂತುಹೋಯಿತು. ಇಷ್ಟೆಲ್ಲ ಟಿವಿಯಲ್ಲಿ ನೇರ ಪ್ರಸಾರ ನಡೆಯುತ್ತಿದ್ದಾಗಲೇ! ಆ ದಿನಕ್ಕೆ ಅಲ್ಲಿನವರೇ ‘ಕಪ್ಪು ಭಾನುವಾರ’ ಅಂತ ಹೆಸರಿಟ್ಟರು. ಅಲ್ಲಿಂದ ಮುಂದೆ ಕಲಿತರು.

‘ಅದು ದುಡ್ಡಿರೋರ ಆಟ, ನಮಗೇಕೆ ಸ್ವಾಮಿ’ ಅಂತೀರಾ? ತಡೀರಿ. ಈ ವಿದ್ಯೆ ನಮಗೆ ಹೊಸದಲ್ಲ. ನಮ್ಮ ತೇರು ಏನು? ಗರ್ಭಗುಡಿಗೆ ಬರೋಕಾಗದವರಿಗೂ ದರ್ಶನ ಸಿಗಲಿ ಅಂತ ಉತ್ಸವಮೂರ್ತಿಯೇ ಬೀದಿಗೆ ಬರುತ್ತೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿಗೆ ಹೋಗಿ. ಅಲ್ಲಿನ ಮೊಹರಂ ಸುತ್ತಮುತ್ತಲ ಸೀಮೆಗೆಲ್ಲ ಹೆಸರುವಾಸಿ. ಆಲಂಗಳು ಹೊರಬಂದಾಗ ಹಿಂದೂ ಮುಸ್ಲಿಂ ಅನ್ನದೆ ಜನ ಸೇರ್ತಾರೆ. ಮೈಸೂರಿನ ಜಂಬೂಸವಾರಿ ನೋಡಿ. 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರು ಶುರು ಮಾಡಿದ ದಸರಾ, 2010ಕ್ಕೆ 400 ವರ್ಷ ಪೂರೈಸಿತು. 750 ಕೆಜಿ ತೂಕದ ಅಂಬಾರಿ ಹೊತ್ತ ಆನೆ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರ್ ನಡೆಯುತ್ತೆ. ಅರಮನೆಯೊಳಗೆ ಪಾಸ್ ಸಿಗದವರು ಸಯ್ಯಾಜಿರಾವ್ ರಸ್ತೆಯ ಬದಿಯಲ್ಲಿ ಬೆಳಗ್ಗೆಯಿಂದಲೇ ಕಾದು ಕೂರ್ತಾರೆ. ಆನೆ ಅವರ ಮುಂದೆಯೂ ಬರುತ್ತೆ.

ಹಾಗಾದರೆ ಎಡವುತ್ತಿರೋದು ಎಲ್ಲಿ? ವೇದಿಕೆಯಲ್ಲಿ! ಯಾವುದೇ ಜಿಲ್ಲೆಯ ಉತ್ಸವ ತಗೊಳ್ಳಿ. ಡೊಳ್ಳು, ಹಲಗೆ, ನಂದಿಕೋಲು, ಹಗಲುವೇಷದವರು ದಾರಿಯುದ್ದಕ್ಕೂ ಸುಮ್ಮನೆ ಹೆಜ್ಜೆ ಹಾಕ್ತಾ ಬರ್ತಾರೆ. ಗಣ್ಯರು ಕೂತ ವೇದಿಕೆ ಮುಂದೆ ಬಂದಾಗ ಮಾತ್ರ ‘ಹೂಂ, ಈಗ ಆಡಿ’ ಅನ್ನೋ ಸನ್ನೆ. ಟಿವಿ ಕ್ಯಾಮೆರಾಗಳು ನಿಲ್ಲೋದೂ ಅಲ್ಲೇ. ಹಾಗಾಗಿ ಜನರೂ ಅಲ್ಲಿಗೇ ನುಗ್ತಾರೆ. ಜನರ ಬಳಿ ಬರಬೇಕಾಗಿದ್ದ ಆಟ, ಜನರನ್ನೇ ಒಂದು ಇಕ್ಕಟ್ಟಿನ ಜಾಗಕ್ಕೆ ಎಳೆಯುತ್ತೆ.

ಈ ಇಕ್ಕಟ್ಟು ಎಷ್ಟು ಅಪಾಯ ಅನ್ನೋದನ್ನ ಬೆಂಗಳೂರು ಕಂಡಿದೆ. 2025ರ ಜೂನ್ 4. ಹಿಂದಿನ ರಾತ್ರಿ ಆರ್‌ಸಿಬಿ 18 ವರ್ಷಗಳ ನಂತರ ಕಪ್ ಗೆದ್ದಿತ್ತು. ಮೆರವಣಿಗೆ ಇದೆಯೋ ಇಲ್ಲವೋ ಅನ್ನೋ ಗೊಂದಲದಲ್ಲೇ ದಿನ ಕಳೆಯಿತು. ಲಕ್ಷಾಂತರ ಜನ ಒಂದೇ ಕಡೆ, ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಸೇರಿದರು. ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಜನ ತೀರಿಹೋದರು. ತಪ್ಪು ಯಾರದ್ದು ಅನ್ನೋ ವಾದ ಬೇರೆ. ಜನರನ್ನು ಹರಡಬೇಕೋ, ಒಂದು ಬಾಗಿಲಿಗೆ ಸೇರಿಸಬೇಕೋ ಅನ್ನೋ ಪ್ರಶ್ನೆಗೆ ಅವತ್ತೇ ಉತ್ತರ ಸಿಕ್ಕಿದೆ.

ಈಗ ರಾಯಚೂರು ಸೀಮೆಗೆ ಬರ್ತೀನಿ. ದೇಶಕ್ಕೆ ಸ್ವಾತಂತ್ರ್ಯ ಬಂದಿದ್ದು 1947ರ ಆಗಸ್ಟ್ 15ಕ್ಕೆ. ರಾಯಚೂರು, ಕಲಬುರಗಿ, ಬೀದರ್‌ನವರು ಇನ್ನೂ 13 ತಿಂಗಳು ನಿಜಾಮನ ಆಳ್ವಿಕೆಯಲ್ಲೇ ಇದ್ದರು. 1948ರ ಸೆಪ್ಟೆಂಬರ್ 17ಕ್ಕೆ ಬಿಡುಗಡೆ. 2028ಕ್ಕೆ ಅದಕ್ಕೆ 80 ವರ್ಷ ತುಂಬುತ್ತೆ. ಪ್ರತಿವರ್ಷ ಆ ದಿನ ಕಲಬುರಗಿಯಲ್ಲಿ ಮುಖ್ಯಮಂತ್ರಿಗಳು ಧ್ವಜ ಹಾರಿಸ್ತಾರೆ, ಟಿವಿಯಲ್ಲಿ ಬರುತ್ತೆ. ಆದರೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ವಳಕಮದಿನ್ನಿಯಂಥ ಊರಿನ ಮಗುವಿಗೆ ಅವತ್ತು ಏನು ಕಾಣುತ್ತೆ? ಶಾಲೆಯ ಧ್ವಜ, ಒಂದು ಚಾಕೊಲೇಟು. ತನ್ನ ಅಜ್ಜನ ಕಾಲದ ಆ ಕಥೆ ಅದರ ಕಣ್ಣ ಮುಂದೆ ನಡೆದು ಬರೋದು ಯಾವಾಗ?

ಕೋಟಿ ಖರ್ಚು ಬೇಕಿಲ್ಲ. ಒಂದೇ ಕಡೆ ದೊಡ್ಡ ವೇದಿಕೆ ಕಟ್ಟೋ ಬದಲು ತಾಲ್ಲೂಕುಗಳಿಗೆ ಮೆರವಣಿಗೆ ಕಳಿಸಿ. ದಾರಿಯಲ್ಲಿ ನಾಲ್ಕೈದು ಜಾಗ ಗೊತ್ತು ಮಾಡಿ, ಪ್ರತಿ ತಂಡವೂ ಅಲ್ಲೆಲ್ಲ ಪೂರ್ತಿ ಆಟ ಆಡಲಿ. ದಾರಿ, ವೇಳೆ ಎರಡನ್ನೂ ಮುಂಚೆಯೇ ಡಂಗುರ ಸಾರಿ. ಡೊಳ್ಳು ಹೊತ್ತವನಿಗೆ ನೆರಳು, ನೀರು ಕೊಡಿ, ಸಂಭಾವನೆ ಅವತ್ತೇ ಕೈಗೆ ಸೇರಲಿ. ಅಶೋಕನ ಹೆಸರಿರೋ ಶಾಸನ 1915ರಲ್ಲಿ ಸಿಕ್ಕಿದ್ದು ಮಸ್ಕಿಯಲ್ಲಿ. ಅದರ ಸ್ತಬ್ಧಚಿತ್ರ ಮಸ್ಕಿ ಸುತ್ತಲ ಹಳ್ಳಿಗಳಲ್ಲೇ ಮೊದಲು ಓಡಾಡಲಿ.

2028ಕ್ಕೆ ಇನ್ನೂ ಸಮಯ ಇದೆ. ಯೋಜನೆ ಹಾಕೋಕೆ ಕೂತ ಅಧಿಕಾರಿಗಳು ಮೊದಲ ಪುಟದಲ್ಲಿ ವೇದಿಕೆಯ ಅಳತೆ ಬರೆಯೋದು ಬೇಡ. ಮೆರವಣಿಗೆ ಹಾದುಹೋಗೋ ಊರುಗಳ ಹೆಸರು ಬರೀಲಿ. ಅದರಲ್ಲಿ ವಳಕಮದಿನ್ನಿಯೂ ಇರಲಿ.